ಲೈಸೆನ್ಸಿನಿಂದ ಹಿಂದಕ್ಕೆ: ಅಮೆರಿಕದ ಪ್ರಾಕ್ಟಿಕಲ್ ನರ್ಸಿಂಗ್ ವ್ಯಾಸಂಗಕ್ಕೆ ಅರ್ಜಿ ಹಾಕುವವರಿಗೆ

ಅಮೆರಿಕದಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಲ್ಲಿ, ಮಕ್ಕಳು ಶಾಲೆಗೆ ಹೋಗುವಷ್ಟು ದೊಡ್ಡವರಾದ ಮೇಲೆ ತಾವೂ ಒಂದು ವೃತ್ತಿಯನ್ನು ಹಿಡಿಯಬೇಕೆಂದು ಹವಣಿಸುವ ಗೃಹಿಣಿಯರಿಗೂ, ನಡುವಯಸ್ಸಿನಲ್ಲಿ ಕಂಪನಿಯ ಕೆಲಸವನ್ನು ಕಳೆದುಕೊಂಡು ಬೇರೊಂದು ಜೀವನೋಪಾಯವನ್ನು ಅರಸುವ ಪುರುಷರಿಗೂ, ಕಮ್ಯುನಿಟಿ ಕಾಲೇಜುಗಳಲ್ಲಿ ದೊರೆಯುವ ಪ್ರಾಕ್ಟಿಕಲ್ ನರ್ಸಿಂಗ್ ಶಿಕ್ಷಣವು ಆಕರ್ಷಕವಾಗಿ ತೋರುವುದು ಸಹಜವೇ ಆಗಿದೆ. ಪೂರ್ಣಕಾಲ ಓದಿದರೆ ಸುಮಾರು ಒಂದು ವರ್ಷದ ವ್ಯಾಸಂಗ. ಸಾರ್ವಜನಿಕ ಕಾಲೇಜಾದರೆ ಶುಲ್ಕವೂ ಮಿತವಾದುದು. ಮುಗಿದ ಮೇಲೆ ಆಸ್ಪತ್ರೆ, ವೃದ್ಧಾಶ್ರಮ, ಚಿಕಿತ್ಸಾಲಯಗಳಲ್ಲಿ ಎಲ್‌ಪಿಎನ್ ಎಂಬ ಹೆಸರಿನ ಉದ್ಯೋಗ. ಕ್ಯಾಲಿಫೋರ್ನಿಯ ಮತ್ತು ಟೆಕ್ಸಾಸ್ ರಾಜ್ಯಗಳಲ್ಲಿ ಇದನ್ನೇ ಎಲ್‌ವಿಎನ್ ಎಂದು ಕರೆಯುತ್ತಾರೆ. ಆದರೆ ಅರ್ಜಿಯ ನಮೂನೆಯನ್ನು ಮೊದಲ ಸಾಲಿನಿಂದ ತುಂಬಲಾರಂಭಿಸುವ ನಮ್ಮವರು, ಆ ನಮೂನೆಯ ಕಟ್ಟಕಡೆಯ ಪ್ರಯೋಜನವಾದ ಲೈಸೆನ್ಸನ್ನು ಯಾರು, ಯಾವ ಷರತ್ತಿನ ಮೇಲೆ ಕೊಡುತ್ತಾರೆಂಬುದನ್ನು ವಿಚಾರಿಸದೆ ಹೋಗುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ವ್ಯವಹಾರವನ್ನು ತುದಿಯಿಂದ ಬುಡಕ್ಕೆ ಓದತಕ್ಕದ್ದು.

ಅದಕ್ಕೆ ಕಾರಣವಿದೆ. ನ್ಯೂಯಾರ್ಕ್ ರಾಜ್ಯವು 1938ರಲ್ಲಿ ಶುಶ್ರೂಷಾವೃತ್ತಿಗೆ ಲೈಸೆನ್ಸನ್ನು ಕಡ್ಡಾಯಗೊಳಿಸುವ ಶಾಸನವನ್ನು ಮಾಡಿ, ರಿಜಿಸ್ಟರ್ಡ್ ನರ್ಸ್ (ಆರ್‌ಎನ್) ಮತ್ತು ಪ್ರಾಕ್ಟಿಕಲ್ ನರ್ಸ್ ಎಂಬ ಎರಡು ವರ್ಗಗಳನ್ನು ಗುರುತಿಸಿತು; ಇಂದು ಲೈಸೆನ್ಸ್ ಕೊಡುವ ಅಧಿಕಾರವು ರಾಜ್ಯ ರಾಜ್ಯಗಳ ನರ್ಸಿಂಗ್ ಮಂಡಳಿಗಳ ಕೈಯಲ್ಲಿ ನೆಲೆಗೊಂಡಿದೆ. ಹೀಗಾಗಿ ಅರ್ಜಿದಾರರು ದಾಟಬೇಕಾದ ಹೊಸ್ತಿಲುಗಳು ಮೂರು. ಕಾಲೇಜಿಗೆ ಪ್ರವೇಶ ಮೊದಲನೆಯದು. ಬಹುಮಟ್ಟಿಗೆ ಎಲ್ಲರಿಗೂ ತೆರೆದಿರುವುದು. ನರ್ಸಿಂಗ್ ವ್ಯಾಸಂಗಕ್ಕೆ ಆಯ್ಕೆ ಎರಡನೆಯದು. ಇಲ್ಲಿ ಸ್ಥಾನಗಳು ಪರಿಮಿತ, ಸ್ಪರ್ಧೆ ತೀವ್ರ. ಮಂಡಳಿಯ ಲೈಸೆನ್ಸು ಮೂರನೆಯದು. ಕಾಲೇಜಿನಿಂದ ಬಂದ ಸ್ವಾಗತಪತ್ರವನ್ನು ನರ್ಸಿಂಗ್ ಸೀಟೆಂದೇ ಭಾವಿಸಿ ಊರಿಗೆ ಫೋನು ಮಾಡಿ ಸಂಭ್ರಮಿಸಿದವರು, ಎರಡನೆಯ ಅರ್ಜಿಯ ಗಡುವು ಅಷ್ಟರಲ್ಲಿ ಕಳೆದುಹೋದುದನ್ನು ತಡವಾಗಿ ತಿಳಿಯುವುದುಂಟು.

ಆದುದರಿಂದ ಮೊಟ್ಟಮೊದಲು ನೋಡಬೇಕಾದದ್ದು ಮಂಡಳಿಯ ಅನುಮೋದಿತ ಶಾಲೆಗಳ ಪಟ್ಟಿ. ಅನುಮೋದನೆ ಬೇರೆ, ಮಾನ್ಯತೆ ಬೇರೆ: ಮಂಡಳಿಯ ಅನುಮೋದನೆಯಿಲ್ಲದೆ ಸಾಮಾನ್ಯವಾಗಿ ಎನ್‌ಕ್ಲೆಕ್ಸ್-ಪಿಎನ್ ಎಂಬ ಲೈಸೆನ್ಸ್ ಪರೀಕ್ಷೆಗೆ ಕೂರಲಾಗದು, ಎಸಿಇಎನ್ ಮೊದಲಾದ ಸಂಸ್ಥೆಗಳು ಕೊಡುವ ಮಾನ್ಯತೆಯು ಹೆಚ್ಚಿನ ಗುಣಚಿಹ್ನೆಯಾಗಿದ್ದು, ಮುಂದೆ ಆರ್‌ಎನ್ ವ್ಯಾಸಂಗಕ್ಕೆ ಹೋಗುವಾಗ ಪ್ರಯೋಜನಕ್ಕೆ ಬರುತ್ತದೆ. 2023ರ ಜನವರಿಯಲ್ಲಿ ಫ್ಲಾರಿಡಾದ ಕೆಲವು ಖಾಸಗಿ ಶಾಲೆಗಳ ಹೆಸರಿನಲ್ಲಿ 7,600ಕ್ಕೂ ಮಿಕ್ಕಿದ ಖೋಟಾ ನರ್ಸಿಂಗ್ ಪ್ರಮಾಣಪತ್ರಗಳು ಮಾರಾಟವಾಗಿದ್ದವೆಂದು ಅಲ್ಲಿನ ಫೆಡರಲ್ ಅಧಿಕಾರಿಗಳು ಪ್ರಕಟಿಸಿದರು. ಶೀಘ್ರವಾಗಿ, ಸುಲಭವಾಗಿ, ಆಸ್ಪತ್ರೆಯ ಅಭ್ಯಾಸವೇ ಇಲ್ಲದೆ ಎಂದು ಯಾರಾದರೂ ಆಶ್ವಾಸನೆ ಕೊಟ್ಟಾಗ ಈ ಪ್ರಸಂಗವನ್ನು ನೆನೆಯುವುದು ಒಳ್ಳೆಯದು. ಎಚ್-1ಬಿ ನೌಕರಿಯ ಬೆನ್ನು ಹತ್ತಿ ರಾಜ್ಯದಿಂದ ರಾಜ್ಯಕ್ಕೆ ವಲಸೆಹೋಗುವ ಕುಟುಂಬಗಳಿಗೆ ಒಂದು ಹಕ್ಕು ವಿಶೇಷವಾಗಿ ಉಪಯುಕ್ತವಾದುದು: ಫೆಡರಲ್ ವಿದ್ಯಾರ್ಥಿ ಸಹಾಯಧನದ ವ್ಯವಸ್ಥೆಯಲ್ಲಿ ಸೇರಿದ ಕಾಲೇಜು, ತನ್ನ ವ್ಯಾಸಂಗವು ಯಾವ ಯಾವ ರಾಜ್ಯದ ಲೈಸೆನ್ಸ್ ಅರ್ಹತೆಗೆ ಸಾಲುತ್ತದೆ, ಯಾವುದಕ್ಕೆ ಸಾಲದು ಎಂಬುದನ್ನು ತಿಳಿಸಬೇಕಾದ ಕರ್ತವ್ಯಕ್ಕೆ ಬದ್ಧವಾಗಿದೆ. ಈ ಮಾಹಿತಿಯನ್ನು ಬರಹದಲ್ಲಿ ಕೇಳಿ ಪಡೆಯಬೇಕು.

ವೀಸಾದ ವಿಷಯವನ್ನು ಮರೆಯುವಂತಿಲ್ಲ. ಎಚ್-1ಬಿ ನೌಕರರ ಅವಲಂಬಿತರಿಗೆ ಸಿಗುವ ಎಚ್-4 ವೀಸಾದಲ್ಲಿರುವವರು ಓದಲು ಅಡ್ಡಿಯಿಲ್ಲ. ಆದರೆ ಓದುವ ಹಕ್ಕು ದುಡಿಯುವ ಹಕ್ಕಲ್ಲ. 2015ರ ನಿಯಮದ ಪ್ರಕಾರ, ಪತಿಯ ಅಥವಾ ಪತ್ನಿಯ ಗ್ರೀನ್ ಕಾರ್ಡಿನ ಅರ್ಜಿ ನಿರ್ದಿಷ್ಟ ಘಟ್ಟವನ್ನು ದಾಟಿದ್ದರೆ ಮಾತ್ರ ಎಚ್-4ರವರಿಗೆ ಇಎಡಿ, ಅಂದರೆ ಉದ್ಯೋಗದ ಅನುಮತಿಪತ್ರ ದೊರೆಯುತ್ತದೆ. ಮಕ್ಕಳ ಮನೆಗೆ ಬಿ-2 ವೀಸಾದಲ್ಲಿ ಬಂದವರಿಗಂತೂ ಇಂಥ ವ್ಯಾಸಂಗಕ್ಕೆ ಸೇರುವ ಅವಕಾಶವೇ ಇಲ್ಲ. ರಾಜ್ಯದ ನಿವಾಸಿಗಳಿಗೆ ಸಲ್ಲುವ ಕಡಿಮೆ ಶುಲ್ಕವು ತಮಗೂ ಸಲ್ಲುವುದೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ವ್ಯತ್ಯಾಸವಾಗುವುದರಿಂದ, ಕಾಲೇಜಿನ ರೆಸಿಡೆನ್ಸಿ ವಿಭಾಗದ ತೀರ್ಮಾನವನ್ನು ಪ್ರತ್ಯೇಕವಾಗಿ ಕೇಳಿಕೊಳ್ಳತಕ್ಕದ್ದು.

ಇಲ್ಲಿ ಒಂದು ಉಪಮಾರ್ಗವನ್ನು ಸೂಚಿಸಬೇಕಾಗಿದೆ. ಕರ್ನಾಟಕದಲ್ಲಿ ಮೂರು ವರ್ಷದ ಜಿಎನ್‌ಎಂ ಅಥವಾ ಬಿಎಸ್‌ಸಿ ನರ್ಸಿಂಗ್ ಮುಗಿಸಿ ಬಂದವರು, ಎಲ್ಲವನ್ನೂ ಮೊದಲಿನಿಂದ ಕಲಿಯಬೇಕೆಂಬ ತಪ್ಪು ತಿಳಿವಳಿಕೆಯಿಂದ ಪ್ರಾಕ್ಟಿಕಲ್ ನರ್ಸಿಂಗಿಗೆ ಅರ್ಜಿ ಹಾಕುವುದು ಹಲವು ವೇಳೆ ಅನಾವಶ್ಯಕ. ಅಂಥವರು ಈಗ ಟ್ರೂಮೆರಿಟ್ ಎಂದು ಹೆಸರಾದ ಸಿಜಿಎಫ್‌ಎನ್‌ಎಸ್ ಮೊದಲಾದ ಸಂಸ್ಥೆಯ ಮೂಲಕ ತಮ್ಮ ಶಿಕ್ಷಣದ ಮೌಲ್ಯಮಾಪನ ಮಾಡಿಸಿ, ನೇರವಾಗಿ ಆರ್‌ಎನ್ ಪರೀಕ್ಷೆಗೆ ಅರ್ಹರೇ ಎಂದು ಮಂಡಳಿಯನ್ನು ಕೇಳುವುದು ವಿವೇಕ.

ಇನ್ನು ಕಾಗದಪತ್ರಗಳು. ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿಗಳನ್ನು ಅಮೆರಿಕದ ಹೈಸ್ಕೂಲ್ ಡಿಪ್ಲೊಮಾಕ್ಕೆ ಸಮವೆಂದು ತೋರಿಸಲು ಕಾಲೇಜು ಒಪ್ಪುವ ಸಂಸ್ಥೆಯಿಂದ ಇವ್ಯಾಲ್ಯುಯೇಷನ್ ಮಾಡಿಸಬೇಕಾಗುತ್ತದೆ. ಯಾವ ಸಂಸ್ಥೆಯೆಂಬುದನ್ನು ಕಾಲೇಜೇ ಹೇಳಬೇಕಾದುದರಿಂದ, ಕೇಳುವ ಮೊದಲು ಹಣ ಕಟ್ಟಬಾರದು. ಇದಕ್ಕಿಂತ ಹೆಚ್ಚು ತೊಡಕಾಗುವುದು ನಮ್ಮ ಹೆಸರುಗಳು. ಹಾಸನದ ಕಡೆಯ ಹೆಣ್ಣುಮಗಳೊಬ್ಬಳು ಅಂಕಪಟ್ಟಿಯಲ್ಲಿ ‘ಸುಮತಿ ಎಚ್. ಕೆ.’ ಎಂದಿದ್ದಾಳೆಂದು ಇಟ್ಟುಕೊಳ್ಳೋಣ; ಊರಿನ ಹೆಸರೂ ತಂದೆಯ ಹೆಸರೂ ಅಡಗಿರುವ ಆ ಎರಡು ಇನಿಷಿಯಲ್ಲುಗಳು ಪಾಸ್‌ಪೋರ್ಟಿನಲ್ಲಿ ಬಿಡಿಸಿಕೊಂಡಿರಬಹುದು, ಅಥವಾ ಸರ್‌ನೇಮಿನ ಜಾಗವೇ ಖಾಲಿಯಿರಬಹುದು. ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಸುಮತಿ ಎಂಬುದೇ ಸರ್‌ನೇಮಾಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಎಂಬ ಮೂರಕ್ಷರ ಕೂತಿರುತ್ತದೆ. ಮದುವೆಯ ಬಳಿಕ ಗಂಡನ ಹೆಸರು ಸೇರಿದ ಡ್ರೈವಿಂಗ್ ಲೈಸೆನ್ಸು ಬೇರೆ. ಕಾಲೇಜಿನ ದಾಖಲೆಯಲ್ಲಿ ಒಂದು, ಸೋಷಿಯಲ್ ಸೆಕ್ಯುರಿಟಿ ಕಾರ್ಡಿನಲ್ಲಿ ಇನ್ನೊಂದು, ಹೀಗೆ ಉಳಿಸಿಕೊಂಡು ಬಂದ ಭಿನ್ನತೆಯು ಪರೀಕ್ಷೆಯ ದಿನ ಎದುರು ನಿಲ್ಲುತ್ತದೆ. ಏಕೆಂದರೆ ಎನ್‌ಕ್ಲೆಕ್ಸಿಗೆ ನೋಂದಾಯಿಸಿದ ಹೆಸರು, ತೋರಿಸುವ ಗುರುತಿನ ಚೀಟಿಯ ಹೆಸರಿನೊಡನೆ ಯಥಾವತ್ತಾಗಿ ಹೊಂದದಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ 200 ಡಾಲರೂ ಹಿಂದಕ್ಕೆ ಬರುವುದಿಲ್ಲ. ಕಾಲೇಜಿಗೆ ಅರ್ಜಿ ಹಾಕುವ ಕಾಲಕ್ಕೇ ಒಂದು ಹೆಸರನ್ನು ನಿಶ್ಚಯಿಸಿ, ಉಳಿದ ದಾಖಲೆಗಳನ್ನು ಅದಕ್ಕೆ ಸರಿಪಡಿಸಿಕೊಳ್ಳುವುದು ಸರಳವಾದ ದಾರಿ.

ಆಯ್ಕೆಯ ವಿಧಾನವು ಕಾಲೇಜಿನಿಂದ ಕಾಲೇಜಿಗೆ ಭಿನ್ನವಾದುದು. ಕೆಲವೆಡೆ ಅಂಗರಚನಾಶಾಸ್ತ್ರ ಮೊದಲಾದ ಪೂರ್ವಪಾಠಗಳ ಅಂಕಗಳಿಗೂ, ಓದು, ಗಣಿತ, ವಿಜ್ಞಾನ, ಇಂಗ್ಲಿಷ್ ಎಂಬ ನಾಲ್ಕು ಭಾಗಗಳ ಟೀಸ್ ಪರೀಕ್ಷೆಗೂ ಗುಣಾಂಕ ಕೊಟ್ಟು ಪಟ್ಟಿ ಮಾಡುತ್ತಾರೆ. ಕೆಲವೆಡೆ ಸರದಿಯ ಪಟ್ಟಿ. ಮತ್ತೆ ಕೆಲವೆಡೆ ಅರ್ಹರೆಲ್ಲರ ಹೆಸರನ್ನೂ ಸೇರಿಸಿ ಲಾಟರಿ ಎತ್ತುವುದೂ ಇದೆ. ಪೂರ್ವಪಾಠಗಳು ಇಷ್ಟು ವರ್ಷದ ಹಿಂದಿನವಾದರೆ ಲೆಕ್ಕಕ್ಕಿಲ್ಲವೆಂಬ ನಿಬಂಧನೆಯೂ ಅನೇಕ ಕಡೆ ಇರುವುದರಿಂದ, ಹಳೆಯ ಪದವಿಯನ್ನು ನೆಚ್ಚಿಕೊಂಡವರು ಎಚ್ಚರದಿಂದಿರಬೇಕು. ಸ್ಥಾನವು ದೊರೆತೇ ತೀರಬೇಕೆಂಬ ಹಕ್ಕು ಯಾರಿಗೂ ಇಲ್ಲ. ನಿಯಮ ಇಂಥದೆಂದು ತಿಳಿಯುವುದಕ್ಕೂ, ಆ ನಿಯಮವು ತನಗೂ ಪಕ್ಕದವನಿಗೂ ಒಂದೇ ರೀತಿಯಾಗಿ ಅನ್ವಯಿಸಬೇಕೆನ್ನುವುದಕ್ಕೂ ಹಕ್ಕಿದೆ. ಸಾರ್ವಜನಿಕ ಕಾಲೇಜಾದಲ್ಲಿ, ಗುಣಾಂಕದ ಪದ್ಧತಿಯನ್ನು ರಾಜ್ಯದ ಸಾರ್ವಜನಿಕ ದಾಖಲೆಗಳ ಕಾನೂನಿನನ್ವಯ ಕೇಳಬಹುದು. ನಮ್ಮ ದೇಶದ ಮಾಹಿತಿ ಹಕ್ಕಿನ ಅರ್ಜಿಯನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು. ಆದರೆ 1974ರ ಫರ್ಪಾ ಎಂಬ ಶಿಕ್ಷಣ ದಾಖಲೆಗಳ ಶಾಸನವನ್ನು ಕುರಿತು ಒಂದು ಭ್ರಮೆಯಿದೆ. ತನ್ನ ಕಡತವನ್ನು ಕೇಳಿದ 45 ದಿನದೊಳಗೆ ನೋಡುವ ಹಕ್ಕನ್ನು ಅದು ಕೊಡುವುದು ವಿದ್ಯಾರ್ಥಿಗೆ. ಆ ಕಾಲೇಜಿನಲ್ಲಿ ಎಂದೂ ಓದದೆ ತಿರಸ್ಕೃತನಾದ ಅರ್ಜಿದಾರನಿಗಲ್ಲ. ಇದೇ ಶಾಸನದ ಮತ್ತೊಂದು ಮುಖವು ನಮ್ಮ ಮನೆಗಳಿಗೆ ವಿಚಿತ್ರವಾಗಿ ಕಾಣಬಹುದು: ಹೆಂಡತಿಯ ಅಂಕವೇನಾಯಿತೆಂದು ಗಂಡನು ಫೋನಿನಲ್ಲಿ ಕೇಳಿದರೆ, ಆಕೆಯ ಲಿಖಿತ ಸಮ್ಮತಿಯಿಲ್ಲದೆ ಕಾಲೇಜು ಹೇಳಲಾರದು. ಇದು ಉದ್ಧಟತನವಲ್ಲ, ಕಾನೂನು. ನನಗಂತೂ ಮೆಚ್ಚುಗೆಯಾದ ಕಾನೂನು.

ತಾರತಮ್ಯವನ್ನು ಕುರಿತ ಕಾನೂನಿಗೆ ಬಂದರೆ, ಶುಶ್ರೂಷಾಶಿಕ್ಷಣದ ಅರ್ಜಿಗಳಿಂದಲೇ ಹುಟ್ಟಿದ ಎರಡು ತೀರ್ಪುಗಳು ಅಮೆರಿಕದ ಸುಪ್ರೀಂ ಕೋರ್ಟಿನ ಇತಿಹಾಸದಲ್ಲಿವೆ. ಮೊದಲನೆಯದು 1979ರ ಸೌತ್‌ಈಸ್ಟರ್ನ್ ಕಮ್ಯುನಿಟಿ ಕಾಲೇಜ್ ಮತ್ತು ಡೇವಿಸ್ ಮೊಕದ್ದಮೆ. ಅರ್ಜಿದಾರಳಾದ ಫ್ರಾನ್ಸೆಸ್ ಡೇವಿಸ್ ಆಗಲೇ ಲೈಸೆನ್ಸ್ ಪಡೆದ ಪ್ರಾಕ್ಟಿಕಲ್ ನರ್ಸ್, ಶ್ರವಣದೋಷ ತೀವ್ರವಾಗಿತ್ತು, ನಾರ್ತ್ ಕ್ಯಾರೊಲಿನದ ಆ ಕಾಲೇಜಿನ ಆರ್‌ಎನ್ ವ್ಯಾಸಂಗಕ್ಕೆ ಆಕೆಯನ್ನು ಸೇರಿಸಿಕೊಳ್ಳಲಿಲ್ಲ. ಅಂಗವೈಕಲ್ಯದ ಕಾರಣದಿಂದ ತಾರತಮ್ಯ ಮಾಡಬಾರದೆಂಬ 1973ರ ಶಾಸನದ 504ನೆಯ ಸೆಕ್ಷನ್ನನ್ನು ಆಕೆ ಆಶ್ರಯಿಸಿದಾಗ ನ್ಯಾಯಾಲಯವು ಹೇಳಿದ್ದಿಷ್ಟು: ವೈಕಲ್ಯವಿದ್ದೂ ವ್ಯಾಸಂಗದ ಅವಶ್ಯಕ ಅರ್ಹತೆಗಳನ್ನೆಲ್ಲ ಪೂರೈಸಬಲ್ಲವರಿಗೆ ಶಾಸನದ ರಕ್ಷಣೆಯುಂಟು, ವ್ಯಾಸಂಗದ ಸ್ವರೂಪವನ್ನೇ ಬದಲಾಯಿಸಬೇಕೆಂದು ಕಾಲೇಜನ್ನು ನಿರ್ಬಂಧಿಸಲಾಗದು. ಡೇವಿಸ್ ಸೋತಳು. ಆದರೆ ಆ ಸೋಲನ್ನೇ ಎಲ್ಲ ಕಾಲಕ್ಕೂ ಸಲ್ಲುವ ನಿರಾಕರಣೆಯೆಂದು ಓದುವುದು ತಪ್ಪು. 1990ರ ಎಡಿಎ ಎಂಬ ಅಂಗವಿಕಲರ ಹಕ್ಕುಗಳ ಶಾಸನವೂ ಅದರ 2008ರ ತಿದ್ದುಪಡಿಯೂ ರಕ್ಷಣೆಯನ್ನು ವಿಸ್ತರಿಸಿವೆ, ವರ್ಧಕ ಸ್ಟೆತಾಸ್ಕೋಪಿನಂಥ ಉಪಕರಣಗಳೂ ಬಂದಿವೆ. ಸಾಮಾನ್ಯವಾಗಿ, ನಿನಗೆ ಯಾವ ವೈಕಲ್ಯವಿದೆಯೆಂದು ಪ್ರವೇಶಕ್ಕೆ ಮೊದಲೇ ಕೇಳಲು ಕಾಲೇಜಿಗೆ ಅಧಿಕಾರವಿಲ್ಲ. ಸೇರಿದ ಮೇಲೆ, ಅನುಕೂಲತೆ ಬೇಕಾದವರು ತಾವೇ ದಾಖಲೆಯೊಡನೆ ಕೇಳಬೇಕು.

ಎರಡನೆಯದು 1982ರ ಮಿಸಿಸಿಪಿ ಯೂನಿವರ್ಸಿಟಿ ಫಾರ್ ವಿಮೆನ್ ಮತ್ತು ಹೋಗನ್ ಮೊಕದ್ದಮೆ. ಜೋ ಹೋಗನ್ ಎಂಬ ಗಂಡು ನರ್ಸನ್ನು ಗಂಡಸೆಂಬ ಒಂದೇ ಕಾರಣಕ್ಕೆ ರಾಜ್ಯಸರ್ಕಾರದ ನರ್ಸಿಂಗ್ ಶಾಲೆ ನಿರಾಕರಿಸಿತ್ತು. ಆ ನಿರಾಕರಣೆಯು ಸಂವಿಧಾನದ ಸಮಾನ ರಕ್ಷಣೆಗೆ ವಿರುದ್ಧವೆಂದು ಐವರು ನ್ಯಾಯಮೂರ್ತಿಗಳ ಬಹುಮತವು ತೀರ್ಮಾನಿಸಿತು, ತೀರ್ಪನ್ನು ಬರೆದವರು ಆ ನ್ಯಾಯಪೀಠದ ಪ್ರಥಮ ಮಹಿಳೆ ಸ್ಯಾಂಡ್ರ ಡೇ ಓಕಾನರ್. ನರ್ಸಿಂಗ್ ಹೆಂಗಸರ ಕೆಲಸವಲ್ಲವೇ ಎಂದು ಮನೆಯಲ್ಲಿ ನಗುವವರಿದ್ದರೆ, ಈ ತೀರ್ಪನ್ನು ಅವರಿಗೂ ತಿಳಿಸಬಹುದು. ಗರ್ಭಿಣಿಯೆಂದು ಪ್ರವೇಶ ನಿರಾಕರಿಸುವುದನ್ನು 1972ರ ಟೈಟಲ್ ನೈನ್ ನಿಷೇಧಿಸುತ್ತದೆ. ಜನಾಂಗ, ವರ್ಣ, ಮೂಲದೇಶಗಳ ಕಾರಣದ ತಾರತಮ್ಯವನ್ನು 1964ರ ನಾಗರಿಕ ಹಕ್ಕುಗಳ ಶಾಸನವು ನಿಷೇಧಿಸುತ್ತದೆ.

ಹಣದ ವಿಷಯ ಸಂಕ್ಷೇಪವಾಗಿ: ಎಫ್‌ಎಎಫ್‌ಎಸ್‌ಎ ಎಂಬ ಸಹಾಯಧನದ ಅರ್ಜಿಗೆ ಶುಲ್ಕವಿಲ್ಲ, ತುಂಬಿಕೊಡುವುದಕ್ಕೆ ಹಣ ಕೇಳುವವರ ಹಂಗು ಬೇಡ. ಪೌರರಿಗೂ ಗ್ರೀನ್ ಕಾರ್ಡಿನವರಿಗೂ ಇದು ಸಲ್ಲುತ್ತದೆ, ಎಚ್-4ರವರಿಗೆ ಸಲ್ಲದು. ಈ ಅರ್ಜಿಯ ಮೂಲಕ ದೊರೆಯುವ ಪೆಲ್ ಅನುದಾನದ ಗರಿಷ್ಠ ಮೊತ್ತ 2025-26ರ ಸಾಲಿಗೆ 7,395 ಡಾಲರ್, ಮರಳಿಸಬೇಕಾದ ಸಾಲವಲ್ಲ. ಅರ್ಜಿಯಲ್ಲಿ ಕಾಣುವ ಆದಾಯ ಸುಮಾರು ಎರಡು ವರ್ಷದ ಹಿಂದಿನದಾಗಿದ್ದು, ಆಮೇಲೆ ಮನೆಯ ದುಡಿಮೆ ನಿಂತಿದ್ದರೆ, ಪರಿಸ್ಥಿತಿಯನ್ನು ಮರುಪರಿಶೀಲಿಸುವಂತೆ ಕಾಲೇಜಿನ ಸಹಾಯಧನ ಅಧಿಕಾರಿಯನ್ನು ಕೇಳಲು ಕಾನೂನಿನಲ್ಲಿಯೇ ಅವಕಾಶವಿದೆ, ಕೇಳುವವರು ಕಡಿಮೆ.

ಆಯ್ಕೆಯಾದ ಮೇಲೆ ಬರುವ ಪತ್ರವು ಸಾಮಾನ್ಯವಾಗಿ ಷರತ್ತಿನದು. ಹೆಪಟೈಟಿಸ್-ಬಿ ಲಸಿಕೆಯ ಮೂರು ಡೋಸಿನ ಸರಣಿಗೆ ಆರು ತಿಂಗಳು ಹಿಡಿಯುವುದರಿಂದ ಅರ್ಜಿಯೊಡನೆಯೇ ಅದನ್ನು ಆರಂಭಿಸಬೇಕು. ಚಿಕ್ಕಂದಿನಲ್ಲಿ ಅಮ್ಮ, ಅಂದರೆ ಸೀತಾಳೆ ಸಿಡುಬು, ಬಂದುಹೋಗಿತ್ತೆಂದು ಅಜ್ಜಿ ಹೇಳಿದ ಮಾತು ಇಲ್ಲಿ ದಾಖಲೆಯಾಗದು. ರೋಗನಿರೋಧಕ ಶಕ್ತಿಯನ್ನು ತೋರಿಸುವ ರಕ್ತದ ಟೈಟರ್ ಪರೀಕ್ಷೆಯ ಕಾಗದ ಬೇಕು. ಕ್ಷಯದ ಪರೀಕ್ಷೆಯಲ್ಲಿ ನಮ್ಮವರು ಒಂದು ಮಾತನ್ನು ಮುಂದಾಗಿ ಹೇಳತಕ್ಕದ್ದು: ತೋಳಿನ ಮೇಲೆ ಬಿಸಿಜಿ ಲಸಿಕೆಯ ಕಲೆಯಿರುವವರಿಗೆ ಚರ್ಮದ ಪರೀಕ್ಷೆಯು ರೋಗಾಣುವಿಲ್ಲದೆಯೂ ಪಾಸಿಟಿವ್ ತೋರಬಹುದು, ಬಿಸಿಜಿಯ ಪ್ರಭಾವಕ್ಕೆ ಒಳಗಾಗದ ರಕ್ತಪರೀಕ್ಷೆಯೊಂದು ಐಜಿಆರ್‌ಎ ಎಂಬ ಹೆಸರಿನಲ್ಲಿ ದೊರೆಯುತ್ತದೆ, ಅದನ್ನೇ ಕೇಳಬೇಕು. ಅಪರಾಧ ಹಿನ್ನೆಲೆಯ ತಪಾಸಣೆಯನ್ನು ಖಾಸಗಿ ಸಂಸ್ಥೆಗಳು ಮಾಡುತ್ತವೆ. ಅದರಲ್ಲಿ ಇನ್ನೊಬ್ಬರ ಪ್ರಕರಣ ತಮ್ಮ ಹೆಸರಿಗೆ ಅಂಟಿಕೊಂಡಿದ್ದರೆ, 1970ರ ಫೇರ್ ಕ್ರೆಡಿಟ್ ರಿಪೋರ್ಟಿಂಗ್ ಶಾಸನದ ಪ್ರಕಾರ ತಕರಾರು ಸಲ್ಲಿಸಬಹುದು, ಸಂಸ್ಥೆಯು ಸಾಮಾನ್ಯವಾಗಿ 30 ದಿನದೊಳಗೆ ಪುನಃ ಪರಿಶೀಲಿಸಬೇಕು. ಮಾದಕದ್ರವ್ಯದ ಪರೀಕ್ಷೆಯಲ್ಲಿ, ಗಾಂಜಾ ತಮ್ಮ ರಾಜ್ಯದಲ್ಲಿ ನ್ಯಾಯಸಮ್ಮತವೆಂಬ ವಾದವು ಮಾತ್ರ ನಡೆಯದು. ತರಬೇತಿಯ ಆಸ್ಪತ್ರೆಯು ಒಪ್ಪದಿದ್ದರೆ ವ್ಯಾಸಂಗವು ಅಲ್ಲಿಗೇ ನಿಲ್ಲುತ್ತದೆ.

ನಿರಾಕರಣೆ ಬಂದರೆ ಮೊದಲು ಕಾರಣವನ್ನು ಲಿಖಿತವಾಗಿ ಕೇಳಿ, ಕಾಲೇಜಿನ ಅಪೀಲಿನ ಗಡುವನ್ನು ನೋಡಬೇಕು. ಅದು ಕೆಲವೇ ದಿನಗಳದ್ದಾಗಿರಬಹುದು. ಗುಣಾಂಕದ ಲೆಕ್ಕ ತಪ್ಪಿದ್ದರೆ ಅಲ್ಲಿಯೇ ಸರಿಹೋಗುವ ಸಂಭವವಿದೆ. ತಾರತಮ್ಯದ ಸಂಶಯವಿದ್ದಲ್ಲಿ ಫೆಡರಲ್ ಶಿಕ್ಷಣ ಇಲಾಖೆಯ ನಾಗರಿಕ ಹಕ್ಕುಗಳ ಕಚೇರಿಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ಅಮೆರಿಕದ ಪೌರತ್ವವೂ ಬೇಕಿಲ್ಲ, ದೂರು ಕೊಟ್ಟವರ ಮೇಲೆ ಹಗೆ ತೀರಿಸಿಕೊಳ್ಳುವುದು ಕಾಲೇಜಿಗೆ ನಿಷಿದ್ಧ. ಅವಧಿಯು ಘಟನೆ ನಡೆದ ದಿನದಿಂದ 180 ದಿನ. ಕಾಲೇಜಿನೊಳಗಿನ ಅಪೀಲು ನಡೆಯುತ್ತಿದೆಯಲ್ಲಾ ಎಂದು ನಂಬಿ ಈ ಅವಧಿಯನ್ನು ಕಳೆದುಕೊಳ್ಳಬಾರದು. ನಿರಾಕರಣೆಯ ಪತ್ರ ಬಂದ ಲಕೋಟೆಯನ್ನೋ ಈಮೇಲನ್ನೋ ದಿನಾಂಕ ಕಾಣುವಂತೆ ಜೋಪಾನವಾಗಿಡತಕ್ಕದ್ದು.