ಕರುಳು ಮತ್ತು ಚೋದಕಗಳು

‘ಹಾರ್ಮೋನು’ ಎಂಬ ಪದವು ಗ್ರೀಕ್ ಮೂಲದ್ದು. ‘ಉದ್ರೇಕಿಸು, ಚಲನೆಗೆ ತೊಡಗಿಸು’ ಎಂಬುದು ಅದರ ಧಾತ್ವರ್ಥ. ಕನ್ನಡದಲ್ಲಿ ಇದನ್ನು ‘ಚೋದಕ’ವೆನ್ನುವುದು ಯುಕ್ತವಾಗಿಯೇ ಇದೆ. ಸಂಸ್ಕೃತದ ‘ಚುದ್’ ಧಾತುವಿಗೂ ಪ್ರೇರಿಸುವುದೆಂದೇ ಅರ್ಥ. ಚೋದಕಗಳೆಂದೊಡನೆ ವಿದ್ಯಾರ್ಥಿಗಳು ಕೊರಳಿನ ಥೈರಾಯ್ಡ್ ಗ್ರಂಥಿಯನ್ನೋ ಮಿದುಳಿನ ಬುಡದ ಪಿಟ್ಯುಟರಿಯನ್ನೋ ಹೆಸರಿಸುತ್ತಾರೆ. ಆದರೆ ಆ ಪದದ ಸೃಷ್ಟಿಗೆ ಕಾರಣವಾದ ವಸ್ತು ದೊರೆತದ್ದು ಕರುಳಿನಲ್ಲಿ.

1902ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ಶರೀರಶಾಸ್ತ್ರಜ್ಞರು ಅರಿವಳಿಕೆ ಕೊಟ್ಟ ನಾಯಿಯೊಂದರ ಸಣ್ಣಕರುಳಿನ ಭಾಗಕ್ಕೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ಅಲ್ಲಿಗೆ ಆಮ್ಲವನ್ನು ಹಾಕಿದರು. ನರಸಂಬಂಧವಿಲ್ಲದಿದ್ದರೂ ಮೇದೋಜೀರಕ ಗ್ರಂಥಿಯು ರಸವನ್ನು ಸ್ರವಿಸಿತು. ಕರುಳಿನ ಒಳಪೊರೆಯನ್ನು ಆಮ್ಲದಲ್ಲಿ ಅರೆದು, ಸೋಸಿ, ರಕ್ತನಾಳಕ್ಕೆ ಸೇರಿಸಿದಾಗಲೂ ಹಾಗೆಯೇ ಆಯಿತು. ಸಂದೇಶವು ರಕ್ತದ ಮೂಲಕ ಹೋಗಿತ್ತು. ಆ ವಸ್ತುವಿಗೆ ‘ಸೆಕ್ರೆಟಿನ್’ ಎಂದು ಹೆಸರಾಯಿತು. ಮೂರು ವರ್ಷಗಳ ತರುವಾಯ ಸ್ಟಾರ್ಲಿಂಗನು ಇಂಥವುಗಳಿಗೆಲ್ಲ ‘ಹಾರ್ಮೋನು’ ಎಂಬ ಹೆಸರನ್ನು ಬಳಕೆಗೆ ತಂದನು.

ಹೀಗೆ ಕರುಳು ಅನ್ನವನ್ನು ಅರಗಿಸುವ ನಾಳ ಮಾತ್ರವಲ್ಲ, ತಾನೇ ಒಂದು ಚೋದಕಗ್ರಂಥಿ. ಹಸಿವನ್ನೆಬ್ಬಿಸುವ ‘ಗ್ರೆಲಿನ್’ ಜಠರದಲ್ಲಿ ಹುಟ್ಟುತ್ತದೆಂಬುದನ್ನು ಜಪಾನಿನ ವಿಜ್ಞಾನಿಗಳು 1999ರಲ್ಲಿ ಕಂಡುಹಿಡಿದರು. ಕರುಳಿನ ಕೆಳಭಾಗದಿಂದ ಹೊರಡುವ ‘ಜಿ.ಎಲ್.ಪಿ.-1’ ಎಂಬುದು ಊಟದ ಬಳಿಕ ಇನ್ಸುಲಿನ್ನಿನ ಸ್ರಾವವನ್ನು ಹೆಚ್ಚಿಸಿ ತೃಪ್ತಿಯನ್ನುಂಟುಮಾಡುತ್ತದೆ. ನಾವು ಅರಗಿಸಲಾರದ ನಾರನ್ನು ದೊಡ್ಡಕರುಳಿನ ಸೂಕ್ಷ್ಮಾಣುಗಳು ಹುದುಗಿಸಿ ಲಘು ಮೇದಾಮ್ಲಗಳನ್ನಾಗಿ ಮಾಡುತ್ತವೆ. ಇವು ಆ ಚೋದಕದ ಸ್ರಾವಕ್ಕೆ ಪ್ರೇರಕಗಳು. ಯಕೃತ್ತು ಪಿತ್ತರಸದೊಡನೆ ಹೊರಹಾಕಿದ ಸ್ತ್ರೀಚೋದಕವಾದ ಈಸ್ಟ್ರೊಜೆನ್ನಿನ ಒಂದಂಶವನ್ನು ಬಂಧಮುಕ್ತಗೊಳಿಸಿ ಮರಳಿ ರಕ್ತಕ್ಕೆ ಸೇರುವಂತೆ ಮಾಡುವವುಗಳೂ ಈ ಸೂಕ್ಷ್ಮಾಣುಗಳೇ. ಆಯನೂರಿನ ಸುತ್ತಿನ ಮನೆಗಳ ಹುರುಳಿ ಸಾರು, ರಾಗಿ, ಸೊಪ್ಪುಗಳಲ್ಲಿ ಈ ನಾರು ಸಾಕಷ್ಟಿದೆ. ಇದನ್ನು ಬಿಟ್ಟು ‘ಹಾರ್ಮೋನು ಸರಿಪಡಿಸುವ’ ಪುಡಿಗಳಿಗೆ ಹಣ ತೆರುವುದು ನನಗೆ ಸೋಜಿಗವೆನಿಸುತ್ತದೆ. ಋತುಕ್ರಮದ ಏರುಪೇರು ಮುಂದುವರಿದರೆ ಪುಡಿಗಾಗಲಿ ಸೊಪ್ಪಿಗಾಗಲಿ ಕಾಯದೆ ವೈದ್ಯರನ್ನು ಕಾಣತಕ್ಕದ್ದು.

ನಮ್ಮ ಪ್ರಾಚೀನರು ಮಂದಾಗ್ನಿಯನ್ನು ರೋಗಗಳ ಮೂಲವೆಂದರು. ಅದು ಸೂಕ್ಷ್ಮವಾದ ಅವಲೋಕನ. ಆದರೆ ಅವರಿಗೆ ಚೋದಕಗಳು ತಿಳಿದಿದ್ದುವೆಂದು ವಾದಿಸುವುದು ಅವರಿಗೆ ಸಲ್ಲಿಸುವ ಗೌರವವಲ್ಲ.

ಮಲೆನಾಡಿನ ಕಳಲೆಯನ್ನೇ ನೋಡಿರಿ. ಎಳೆಬಿದಿರಿನ ಈ ಮೊಳಕೆಯಲ್ಲಿ ಸಯನೈಡನ್ನು ಬಿಡುಗಡೆ ಮಾಡುವ ವಸ್ತುಗಳಿವೆ. ದೇಹವು ಆ ವಿಷವನ್ನು ಥಯೊಸಯನೇಟಾಗಿ ಪರಿವರ್ತಿಸುತ್ತದೆ. ಅದು ಥೈರಾಯ್ಡ್ ಗ್ರಂಥಿಯು ಅಯೊಡೀನನ್ನು ಹೀರಿಕೊಳ್ಳುವುದಕ್ಕೆ ತಡೆಯೊಡ್ಡುತ್ತದೆ. ಹೆಚ್ಚಿ, ನೀರು ಬದಲಿಸುತ್ತ ಎರಡು ಮೂರು ದಿನ ನೆನೆಯಿಟ್ಟು, ಬೇಯಿಸಿ ಉಣ್ಣುವ ನಮ್ಮ ಗೃಹಿಣಿಯರ ಕ್ರಮದಿಂದ ಆ ವಿಷಾಂಶ ಬಹುಮಟ್ಟಿಗೆ ಇಳಿಯುತ್ತದೆ. ಗಡಿಬಿಡಿಯಲ್ಲಿ ಈ ಕ್ರಮವನ್ನು ಮೊಟಕುಮಾಡಬಾರದು. ಮಳೆ ಹೆಚ್ಚಾದ ಗುಡ್ಡಗಾಡಿನ ಮಣ್ಣಿನಿಂದ ಅಯೊಡೀನು ತೊಳೆದುಹೋಗುವುದುಂಟು. ಆದಕಾರಣ ಅಯೊಡೀನುಯುಕ್ತ ಉಪ್ಪನ್ನೇ ಬಳಸಬೇಕು. ಭಾರತ ಸರ್ಕಾರವು ಗಳಗಂಡ ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದ್ದು 1962ರಲ್ಲಿ.

ಥೈರಾಯ್ಡ್ ಚೋದಕವು ಕುಂದಿದರೆ ಕರುಳಿನ ಚಲನೆ ನಿಧಾನವಾಗಿ ಮಲಬದ್ಧತೆಯಾಗುತ್ತದೆ, ಅತಿಯಾದರೆ ಭೇದಿ. ಕುಂದಿದವರು ಸೇವಿಸುವ ಮಾತ್ರೆಯೂ ಕರುಳಿನ ಮೂಲಕವೇ ರಕ್ತವನ್ನು ಸೇರಬೇಕು. ಆದುದರಿಂದ ಅದನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆಯ ತನಕ ಏನನ್ನೂ ತಿನ್ನದಿರಬೇಕು. ಮಲೆನಾಡಿಗರಿಗೆ ಪ್ರಿಯವಾದ ಮುಂಜಾನೆಯ ಕಾಫಿಯೂ ಅಷ್ಟು ಹೊತ್ತು ಕಾಯತಕ್ಕದ್ದು. ಕಬ್ಬಿಣ ಮತ್ತು ಸುಣ್ಣದಂಶದ ಮಾತ್ರೆಗಳಿಗಂತೂ ನಾಲ್ಕು ಗಂಟೆಗಳ ಅಂತರ ಬೇಕು.