ಒಲೆಯ ಅಡಿಪಾಯ

ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿಯು ಸಿಡಿದು ಪೊಂಪೇ ನಗರವು ಬೂದಿಯಲ್ಲಿ ಹೂತುಹೋಯಿತು. 1862ರಲ್ಲಿ ಅಲ್ಲಿ ಉತ್ಖನನ ನಡೆದಾಗ, ಬೇಕರಿಯೊಂದರ ಒಲೆಯೊಳಗೆ ಕರಿಕಾದ 81 ಬ್ರೆಡ್ಡುಗಳು ದೊರೆತವು. ಗುಮ್ಮಟದಂತೆ ಬಾಗಿದ ಅಂಥ ಇಟ್ಟಿಗೆಯ ಒಲೆಗಳನ್ನು ಮನೆಯ ಹಿತ್ತಿಲಲ್ಲಿ ಕಟ್ಟಿಕೊಳ್ಳುವವರು ಇಂದಿಗೂ ಇದ್ದಾರೆ.

ನಮ್ಮ ಅಡುಗೆಮನೆಯ ಒಲೆಯಲ್ಲಿ ಉರಿಯ ಮೇಲೆ ಪಾತ್ರೆಯನ್ನಿಡುತ್ತೇವೆ. ಬ್ರೆಡ್ಡಿನ ಒಲೆಯ ಕ್ರಮ ಬೇರೆ. ಅದರ ಒಳಗೇ ಸೌದೆಯನ್ನು ಉರಿಸಿ, ಇಟ್ಟಿಗೆಗಳು ಚೆನ್ನಾಗಿ ಕಾದ ಬಳಿಕ ಕೆಂಡವನ್ನು ಹೊರಗೆಳೆದು, ನೆಲವನ್ನು ಗುಡಿಸಿ, ನಾದಿದ ಹಿಟ್ಟಿನ ಮುದ್ದೆಗಳನ್ನಿಟ್ಟು ಬಾಗಿಲು ಮುಚ್ಚುತ್ತಾರೆ. ಇಟ್ಟಿಗೆಗಳು ಕೂಡಿಟ್ಟುಕೊಂಡ ಶಾಖದಿಂದಲೇ ಬ್ರೆಡ್ಡು ಬೇಯಬೇಕು. ಆ ಶಾಖವು ನೆಲದಿಂದ ಸೋರಿಹೋದರೆ ಬ್ರೆಡ್ಡಿನ ಮೇಲ್ಭಾಗ ಕೆಂಪಗಾದರೂ ತಳ ಹಸಿಯಾಗಿಯೇ ಉಳಿಯುತ್ತದೆ, ಸೌದೆಯೂ ವ್ಯರ್ಥವಾಗುತ್ತದೆ.

ಬಿಸಿ ಗಾಳಿಯು ಮೇಲೇರುವುದನ್ನು ಕಂಡವರು ಶಾಖವೂ ಮೇಲಕ್ಕೇ ಹೋಗುತ್ತದೆಂದು ಭಾವಿಸುತ್ತಾರೆ. ಆದರೆ ಘನವಸ್ತುವಿನಲ್ಲಿ ಶಾಖಕ್ಕೆ ಮೇಲು ಕೆಳಗೆಂಬ ಭೇದವಿಲ್ಲ. ತಂಪಿರುವ ಕಡೆಗೆ ಅದು ಹರಿಯುತ್ತದೆ. ಕಾದ ಇಟ್ಟಿಗೆಯ ಕೆಳಗೆ ಬರಿಯ ಕಾಂಕ್ರೀಟಿನ ಹಾಸಿದ್ದರೆ ಅದು ಶಾಖವನ್ನು ಹೀರುತ್ತಲೇ ಇರುತ್ತದೆ. ಹಾಸನ್ನು ಇನ್ನಷ್ಟು ದಪ್ಪ ಮಾಡಿದರೆ ಕಾಯಿಸಬೇಕಾದ ಭಾರವೇ ಹೆಚ್ಚುತ್ತದೆ. ಶಾಖವನ್ನು ಕೂಡಿಡುವ ಕೆಲಸ ಒಂದು, ತಡೆಯುವ ಕೆಲಸ ಮತ್ತೊಂದು. ಕೂಡಿಡಲು ಭಾರವಾದ ಇಟ್ಟಿಗೆ ಬೇಕು. ತಡೆಯಲು, ಒಳಗೆ ಗಾಳಿಯನ್ನು ಹಿಡಿದಿಟ್ಟ ಹಗುರವಾದ ವಸ್ತು ಬೇಕು. ಅಲುಗಾಡದ ಗಾಳಿಯ ಮೂಲಕ ಶಾಖವು ಬಹು ನಿಧಾನವಾಗಿ ಸಾಗುತ್ತದೆ. ಕುರುಬರ ಕಂಬಳಿಯು ಚಳಿಯನ್ನು ತಡೆಯುವುದೂ ಉಣ್ಣೆಯ ಎಳೆಗಳ ನಡುವೆ ಸೆರೆಸಿಕ್ಕ ಗಾಳಿಯಿಂದಲೇ.

ಒಲೆಗೆ ಹೊದಿಸಬಲ್ಲ ಇಂತಹ ಕಂಬಳಿಯೊಂದು ವರ್ಮಿಕ್ಯುಲೈಟ್ ಎಂಬ ಖನಿಜ. ಅದು ಅಭ್ರಕದಂತೆ ಪದರು ಪದರಾಗಿರುತ್ತದೆ. ಅದನ್ನು ಬಲವಾಗಿ ಕಾಯಿಸಿದಾಗ ಪದರುಗಳ ನಡುವಣ ನೀರು ಆವಿಯಾಗಿ, ಚೂರುಗಳು ಹಲವು ಪಟ್ಟು ಹಿಗ್ಗಿ ಹಗುರವಾಗುತ್ತವೆ.

ಒಲೆ ಕಟ್ಟುವವರು ಮೊದಲು ಗಟ್ಟಿ ನೆಲದ ಮೇಲೆ ಕಟ್ಟೆಯನ್ನೆಬ್ಬಿಸಿ, ಅದಕ್ಕೆ ಕಾಂಕ್ರೀಟಿನ ಹಾಸನ್ನು ಹಾಕುತ್ತಾರೆ. 1 ಪಾಲು ಸಿಮೆಂಟಿಗೆ 5 ಪಾಲು ಹಿಗ್ಗಿದ ವರ್ಮಿಕ್ಯುಲೈಟನ್ನು ಅಳೆದು, ನೀರು ಬೆರೆಸಿ, ಆ ಹಾಸಿನ ಮೇಲೆ ಸುಮಾರು 10 ಸೆಂಟಿಮೀಟರ್ ದಪ್ಪಕ್ಕೆ ಹರಡುತ್ತಾರೆ. ಇದನ್ನು ಅದುಮಿ ಬಡಿಯಬಾರದು. ಬಡಿದರೆ ಗಾಳಿಯ ಗೂಡುಗಳು ಮುಚ್ಚಿಹೋಗುತ್ತವೆ. ಅದು ಗಟ್ಟಿಯಾಗಿ ಒಣಗಿದ ಬಳಿಕ ಮರಳನ್ನು ತೆಳುವಾಗಿ ಹರಡಿ, ಉರಿಯನ್ನು ತಾಳುವ ಇಟ್ಟಿಗೆಗಳನ್ನು ಗಾರೆಯಿಲ್ಲದೆ ಒಂದಕ್ಕೊಂದು ಒತ್ತಾಗಿ ಜೋಡಿಸುತ್ತಾರೆ. ಗಾರೆಯ ಬಿಗಿತವಿಲ್ಲದ ಕಾರಣ, ಕಾದಾಗ ಹಿಗ್ಗಲು ಅವಕ್ಕೆ ಎಡೆಯಿರುತ್ತದೆ.

ಈ ಕಾವಲಿಗೆ ಶತ್ರುವೆಂದರೆ ತೇವ. ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಮಳೆ ನೀರು ಒಳನುಗ್ಗಿದರೆ ಗಾಳಿಯ ಗೂಡುಗಳಲ್ಲಿ ನೀರು ತುಂಬಿ, ಶಾಖಕ್ಕೆ ದಾರಿಯಾಗುತ್ತದೆ. ಆದುದರಿಂದ ಒಲೆಯ ಮೇಲೊಂದು ಮಾಡು ಅವಶ್ಯಕ. ಹೊಸ ಒಲೆಯಲ್ಲಿ ಮೊದಲ ಕೆಲವು ದಿನ ಸಣ್ಣ ಉರಿಯನ್ನು ಮಾತ್ರ ಹಾಕಬೇಕು. ಆತುರದಿಂದ ದೊಡ್ಡ ಉರಿ ಹಾಕಿದರೆ ಒಳಗಿನ ತೇವವು ಒಮ್ಮೆಲೇ ಆವಿಯಾಗಿ ಗೋಡೆ ಬಿರಿಯಬಹುದು.

ನೋಡಲು ಬಂದವರು ಗುಮ್ಮಟವನ್ನು ಮೆಚ್ಚುತ್ತಾರೆ. ಅದರಡಿಯ ಹಗುರ ಪದರವು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಅದನ್ನು ಮರೆತು ಗುಮ್ಮಟವನ್ನು ಏರಿಸಿದವರು, ಆ ಕೊರತೆಯನ್ನು ತುಂಬಲು ಕಟ್ಟಿದ ಒಲೆಯನ್ನೇ ಕೆಡವಬೇಕಾಗುತ್ತದೆ.