ಸಂತ್ರಸ್ತೆಯ ಗುಟ್ಟು, ಸರ್ಕಾರದ ಕಡತ

2024ರ ಏಪ್ರಿಲ್. ಲೋಕಸಭೆ ಚುನಾವಣೆಯ ಮತದಾನಕ್ಕೆ ಕೆಲವೇ ದಿನ ಇದ್ದಾಗ ಹಾಸನದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಹರಿದಾಡಿದವು. ಅವುಗಳಲ್ಲಿದ್ದ ಹೆಣ್ಣುಮಕ್ಕಳ ಮಾನದ ಬಗ್ಗೆ ಹಂಚಿದವರಿಗೂ ಚಿಂತೆ ಇರಲಿಲ್ಲ, ನೋಡಿ ಮುಂದೆ ಕಳಿಸಿದವರಿಗೂ ಇರಲಿಲ್ಲ. ಆಗಿನ ಸಂಸದ ಪ್ರಜ್ವಲ್ ರೇವಣ್ಣ ಏಪ್ರಿಲ್ 26ರ ಮತದಾನ ಮುಗಿಯುತ್ತಲೇ ಜರ್ಮನಿಗೆ ಹೋದರು. ಮೇ 31ರಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ವಿಶೇಷ ತನಿಖಾ ತಂಡ (ಎಸ್‌ಐಟಿ) ಅವರನ್ನು ಬಂಧಿಸಿತು. ಒಂದು ಅತ್ಯಾಚಾರ ಪ್ರಕರಣದಲ್ಲಿ ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ 2025ರ ಆಗಸ್ಟ್ 1ರಂದು ಅವರನ್ನು ದೋಷಿ ಎಂದು ಸಾರಿ, ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಅದರ ವಿರುದ್ಧ ಅವರು ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಿದ್ದಾರೆ.

ಆ ಪ್ರಕರಣದಲ್ಲಿ ದೊಡ್ಡ ಸಾಕ್ಷ್ಯವಾಗಿ ನಿಂತದ್ದರಲ್ಲಿ ಒಂದು ಸೀರೆ. ಮನೆಗೆಲಸದ ಹೆಣ್ಣುಮಗಳ ಆ ಸೀರೆ ತೋಟದ ಮನೆಯಲ್ಲಿ ಸಿಕ್ಕಿತು, ಪಂಚರ ಮುಂದೆ ಜಪ್ತಿಯಾಯಿತು, ಪ್ರಯೋಗಾಲಯಕ್ಕೆ ಹೋಗಿ ಡಿಎನ್‌ಎ ವರದಿಯಾಗಿ ನ್ಯಾಯಾಲಯಕ್ಕೆ ಬಂತು. ವಿಡಿಯೊ ಊರೂರಿಗೆ ಹಬ್ಬಿದ್ದು ಯಾವ ಹೆಣ್ಣುಮಗಳಿಗೂ ನ್ಯಾಯ ಕೊಡಿಸಲಿಲ್ಲ. ಕ್ರಮಬದ್ಧವಾಗಿ ಜಪ್ತಿಯಾಗಿ, ಕ್ರಮಬದ್ಧವಾಗಿ ಕಾಪಾಡಿದ ವಸ್ತು ಕೊಡಿಸಿತು.

ಇಂಥ ಹಗರಣಗಳಲ್ಲಿ ನಾವು ಎರಡು ಬೇರೆ ಸಂಗತಿಗಳನ್ನು ಕಲಸಿಬಿಡುತ್ತೇವೆ. ಸಂತ್ರಸ್ತೆಯ ಗುರುತು ಗುಟ್ಟಾಗಿರಬೇಕು, ಅದು ಅವಳ ಹಕ್ಕು. ಸರ್ಕಾರ ಮತ್ತು ಪೊಲೀಸರ ನಡೆ ಬಯಲಿನಲ್ಲಿರಬೇಕು, ಅದು ನಮ್ಮ ಹಕ್ಕು. ದೂರು ಯಾವ ದಿನ ಬಂತು, ಯಾರ ಟೇಬಲ್ ಮೇಲೆ ಎಷ್ಟು ದಿನ ಕೂತಿತು, ಪ್ರಯೋಗಾಲಯಕ್ಕೆ ಯಾವಾಗ ಹೋಯಿತು ಎಂಬುದರಲ್ಲಿ ಯಾವ ಹೆಣ್ಣಿನ ಗುಟ್ಟೂ ಇಲ್ಲ. ಹಾಗಿದ್ದೂ ಅವಳ ಮಾನದ ಹೆಸರು ಹೇಳಿ ಇವನ್ನೂ ಕಪಾಟಿಗೆ ಸೇರಿಸುವುದನ್ನು ಒಪ್ಪಬಾರದು.

ಮೊದಲು ಗುಟ್ಟಿನ ಮಾತು. ಭಾರತೀಯ ನ್ಯಾಯ ಸಂಹಿತೆಯ ಕಲಂ 72ರ ಪ್ರಕಾರ ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಜೈಲು. ಬಾಲಕಿಯಾಗಿದ್ದರೆ ಪೋಕ್ಸೊ ಕಾಯ್ದೆಯ ಕಲಂ 23 ಕೂಡ ಇದೆ. ಸಂತ್ರಸ್ತೆ ತೀರಿಕೊಂಡಿದ್ದರೂ ಈ ರಕ್ಷಣೆ ಹೋಗುವುದಿಲ್ಲ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ಶ್ರದ್ಧಾಂಜಲಿಯ ಬ್ಯಾನರ್ ಕಟ್ಟುವಾಗಲೂ, ಸ್ಟೇಟಸ್ ಹಾಕುವಾಗಲೂ ಎಚ್ಚರ ಬೇಕು. ಲೈಂಗಿಕ ದೃಶ್ಯಗಳಿರುವ ವಿಡಿಯೊವನ್ನು ಫಾರ್ವರ್ಡ್ ಮಾಡುವುದು ಐಟಿ ಕಾಯ್ದೆಯ ಕಲಂ 67ಎ ಪ್ರಕಾರ ಅಪರಾಧ. ಆರೋಪಿಗೂ ಇಲ್ಲಿ ಮಿತಿ ಇದೆ. ಮೆಮೊರಿ ಕಾರ್ಡ್‌ನಲ್ಲಿರುವ ದೃಶ್ಯ ದಾಖಲೆಯೇ ಆದರೂ ಇಂಥ ಪ್ರಕರಣದಲ್ಲಿ ಆರೋಪಿ ಅದನ್ನು ನೋಡಿ ಪರಿಶೀಲಿಸಬಹುದೇ ಹೊರತು ಪ್ರತಿ ಒಯ್ಯುವಂತಿಲ್ಲ ಎಂದು 2019ರಲ್ಲಿ ಕೇರಳದ ನಟ ದಿಲೀಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿತು.

ಇನ್ನು ಕಪಾಟಿನ ಮಾತು. ಮಲಯಾಳಂ ಚಿತ್ರರಂಗದ ಮಹಿಳೆಯರ ಸ್ಥಿತಿಗತಿ ಕುರಿತ ಹೇಮಾ ಸಮಿತಿ 2019ರ ಡಿಸೆಂಬರ್ 31ರಂದು ಕೇರಳ ಸರ್ಕಾರಕ್ಕೆ ವರದಿ ಕೊಟ್ಟಿತ್ತು. ಅದು ಜನರ ಕೈಗೆ ಸಿಕ್ಕಿದ್ದು 2024ರ ಆಗಸ್ಟ್ 19ಕ್ಕೆ. ನಾಲ್ಕೂವರೆ ವರ್ಷ ಹೇಳಿದ ಕಾರಣ ಮಹಿಳೆಯರ ಖಾಸಗಿತನ. ಕೊನೆಗೆ ರಾಜ್ಯ ಮಾಹಿತಿ ಆಯೋಗ ಗುರುತು ಸಿಗುವ ಭಾಗ ತೆಗೆದು ಉಳಿದದ್ದನ್ನು ಕೊಡಿ ಎಂದು ಆದೇಶಿಸಿತು. ಆ ದಾರಿ ಮಾಹಿತಿ ಹಕ್ಕು ಕಾಯ್ದೆಯ ಕಲಂ 10ರಲ್ಲಿ 2005ರಿಂದಲೂ ಇತ್ತು.

ಧಾರವಾಡದ ಕೆಲಗೇರಿಯಲ್ಲಿ ಕೂತು ಈ ಕಲಂ 10ನ್ನು ಬಳಸುವುದು ಹೇಗೆ? ಕರ್ನಾಟಕದ ನಿಯಮದಂತೆ ನಮೂನೆ-ಎ, ಹತ್ತು ರೂಪಾಯಿ ಶುಲ್ಕ. ಬಿಪಿಎಲ್ ಕುಟುಂಬಕ್ಕೆ ಶುಲ್ಕವಿಲ್ಲ. ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಹುಬ್ಬಳ್ಳಿ-ಧಾರವಾಡ ಪೊಲೀಸ್ ಕಮಿಷನರ್ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಿರಿ. ‘ತನಿಖೆಯ ಪೂರ್ತಿ ಕಡತ ಕೊಡಿ’ ಎಂದು ಬರೆದರೆ ತನಿಖೆಗೆ ಅಡ್ಡಿಯಾಗುತ್ತದೆಂದು ಕಲಂ 8(1)(ಎಚ್) ತೋರಿಸಿ ತಳ್ಳಿಬಿಡುತ್ತಾರೆ. ಅದರ ಬದಲು ದೂರು ಸ್ವೀಕರಿಸಿದ ದಿನಾಂಕ, ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿದ ದಿನಾಂಕ, ವರದಿ ಬಂದ ದಿನಾಂಕ, ತನಿಖಾಧಿಕಾರಿ ಬದಲಾಗಿದ್ದರೆ ಆ ಆದೇಶದ ಪ್ರತಿ, ಇಷ್ಟು ಕೇಳಿ. ಕೊನೆಯ ಸಾಲು ಹೀಗಿರಲಿ: ‘ಸಂತ್ರಸ್ತೆಯ ಹೆಸರು, ವಿಳಾಸ ಮತ್ತು ಗುರುತು ಸಿಗುವ ವಿವರಗಳನ್ನು ತೆಗೆದು, ಉಳಿದ ಮಾಹಿತಿಯನ್ನು ಕಲಂ 10ರಂತೆ ಒದಗಿಸಬೇಕು.’ ನನ್ನ ಮಟ್ಟಿಗೆ ಇಡೀ ಅರ್ಜಿಯಲ್ಲಿ ಹೆಚ್ಚು ತೂಕದ ಸಾಲು ಇದೇ. ಖಾಸಗಿತನದ ನೆಪಕ್ಕೆ ಅದು ಮುಂಚೆಯೇ ಬಾಗಿಲು ಹಾಕುತ್ತದೆ.

‘ತನಿಖೆ ನಡೆಯುತ್ತಿದೆ’ ಎಂಬ ಒಂದೇ ಮಾತು ಸಾಲದು, ಮಾಹಿತಿ ಕೊಟ್ಟರೆ ತನಿಖೆಗೆ ಹೇಗೆ ಅಡ್ಡಿಯಾಗುತ್ತದೆಂದು ಅಧಿಕಾರಿ ತೋರಿಸಬೇಕು. ದೆಹಲಿ ಹೈಕೋರ್ಟ್ 2007ರಲ್ಲೇ ಭಗತ್ ಸಿಂಗ್ ಪ್ರಕರಣದಲ್ಲಿ ಹಾಗೆಂದಿದೆ. ವೈಯಕ್ತಿಕ ಮಾಹಿತಿಯ ವಿನಾಯಿತಿಯಾದ ಕಲಂ 8(1)(ಜೆ) 2025ರ ನವೆಂಬರ್‌ನಿಂದ ಇನ್ನೂ ಬಿಗಿಯಾಗಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿದ್ದುಪಡಿ ಆ ಕಲಮಿನೊಳಗಿದ್ದ ಸಾರ್ವಜನಿಕ ಹಿತದ ಮಾತನ್ನು ಕಿತ್ತುಹಾಕಿತು. ಇದು ಜನರಿಗಾದ ನಷ್ಟವೇ ಸರಿ. ಆದರೆ ಕಲಂ 8(2) ಉಳಿದಿದೆ. ಸಾರ್ವಜನಿಕ ಹಿತ ದೊಡ್ಡದಾಗಿದ್ದರೆ ಮಾಹಿತಿ ಕೊಡಬಹುದು ಎನ್ನುತ್ತದೆ ಅದು. ಮೇಲ್ಮನವಿಯಲ್ಲಿ ಅದನ್ನೇ ಹಿಡಿಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ನಿರಾಕರಿಸಿದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯದು.

‘ಕಡತ ನಾಶಪಡಿಸಲಾಗಿದೆ’ ಎಂಬ ಉತ್ತರ ಬಂದರೆ? ಬೆಳ್ತಂಗಡಿಯಲ್ಲಿ ಹಾಗೇ ಆಯಿತು. ಧರ್ಮಸ್ಥಳದಲ್ಲಿ ಶವಗಳನ್ನು ಹೂತ ಆರೋಪದ ತನಿಖೆಗೆ ಸರ್ಕಾರ 2025ರ ಜುಲೈ 19ರಂದು ಎಸ್‌ಐಟಿ ರಚಿಸಿತು. ಮುಂದೆ ಆ ದೂರುದಾರನೇ ಬಂಧಿತನಾದ, ಆರೋಪದ ನಿಜ-ಸುಳ್ಳು ನ್ಯಾಯಾಲಯಕ್ಕೆ ಬಿಟ್ಟದ್ದು. ಆದರೆ 2000ದಿಂದ 2015ರವರೆಗಿನ ಅಸಹಜ ಸಾವುಗಳ ದಾಖಲೆಗಳು ನಾಶವಾಗಿವೆ ಎಂದು ಬೆಳ್ತಂಗಡಿ ಪೊಲೀಸರು ಮಾಹಿತಿ ಹಕ್ಕಿನಡಿ ಉತ್ತರ ಕೊಟ್ಟಿದ್ದು ಎಲ್ಲರನ್ನೂ ಕಾಡಬೇಕಾದ ಸಂಗತಿ. ಅಂಥ ಉತ್ತರ ಬಂದರೆ ಸುಮ್ಮನಾಗಬೇಡಿ. ನಾಶಕ್ಕೆ ಅನುಮತಿ ಕೊಟ್ಟ ಆದೇಶದ ಸಂಖ್ಯೆ, ದಿನಾಂಕ, ಅಧಿಕಾರಿಯ ಹುದ್ದೆ, ನಾಶವಾದ ಕಡತಗಳ ಪಟ್ಟಿ ಕೇಳಿ ಇನ್ನೊಂದು ಅರ್ಜಿ ಹಾಕಿ. ಕೇಳಿದ ಮೇಲೆ ಮಾಹಿತಿ ನಾಶ ಮಾಡಿದರೆ ಕಲಂ 20ರಡಿ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡವಿದೆ.

ನಮ್ಮ ಹುಬ್ಬಳ್ಳಿಯ ನೋವೂ ಇದೇ ಸಾಲಿನದು. 2025ರ ಏಪ್ರಿಲ್ 13ರಂದು ಐದು ವರ್ಷದ ಮಗುವನ್ನು ಕೊಂದ ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ಜನ ಸಮಾಧಾನಪಟ್ಟರು, ಅದರ ಹಿಂದಿನ ಸಿಟ್ಟು ನನಗೂ ಅರ್ಥವಾಗುತ್ತದೆ. ಆದರೆ ಆರೋಪಿ ಸತ್ತರೆ ವಿಚಾರಣೆಯೂ ಸಾಯುತ್ತದೆ, ಆ ಮಗುವಿನ ಸಾಕ್ಷ್ಯವನ್ನು ಯಾವ ನ್ಯಾಯಾಧೀಶರೂ ತೂಗುವುದಿಲ್ಲ. ಇಂಥ ಸಾವುಗಳಿಗೆ ಸ್ವತಂತ್ರ ತನಿಖೆ ಮತ್ತು ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಲೇಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಲ್ಲಿ ತನಿಖೆ ಸಿಐಡಿಗೆ ಹೋಯಿತು. ಅಂಥ ತನಿಖೆಗಳ ವರದಿಯ ಪ್ರತಿ ಕೇಳುವುದೂ ನಾಗರಿಕರ ಕೆಲಸ.

ಪ್ರಕರಣ ನಿಮ್ಮ ಮನೆಯದೇ ಆಗಿದ್ದರೆ ಹಾದಿ ಇನ್ನೂ ಹತ್ತಿರ, ಮಾಹಿತಿ ಹಕ್ಕಿಗೆ ಕಾಯಬೇಕಿಲ್ಲ. ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗಬೇಕು. ಅತ್ಯಾಚಾರದಂಥ ಅಪರಾಧದ ದೂರನ್ನು ದಾಖಲಿಸದ ಪೊಲೀಸ್ ಅಧಿಕಾರಿಗೆ ಆರು ತಿಂಗಳಿಂದ ಎರಡು ವರ್ಷದವರೆಗೆ ಶಿಕ್ಷೆ ಇದೆ (ನ್ಯಾಯ ಸಂಹಿತೆ ಕಲಂ 199). ನಾಗರಿಕ ಸುರಕ್ಷಾ ಸಂಹಿತೆಯ ಕಲಂ 193 ಪ್ರಕಾರ 90 ದಿನದೊಳಗೆ ತನಿಖೆ ಎಲ್ಲಿಗೆ ಬಂತೆಂದು ತಿಳಿಸಬೇಕು. ಜಪ್ತಿಯ ವಿಡಿಯೊ ಮಾಡಿದ್ದಾರೆಯೇ ಕೇಳಿ, ಕಲಂ 105 ಅದನ್ನು ಕಡ್ಡಾಯ ಮಾಡಿದೆ. ಸಂತ್ರಸ್ತೆಗೆ ವಕೀಲರಿದ್ದರೆ ಆರೋಪಪಟ್ಟಿಯ ಪ್ರತಿ ಅವಳಿಗೂ ಪುಕ್ಕಟೆ ಸಿಗಬೇಕೆಂದು ಕಲಂ 230 ಹೇಳುತ್ತದೆ. ಹೀಗಾಗಿ ವಕೀಲರಿರುವುದು ಮುಖ್ಯ. ಹೆಣ್ಣುಮಕ್ಕಳಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ದೂರವಾಣಿ 15100.

ಪೊಲೀಸರು ಪ್ರಕರಣ ಮುಚ್ಚಲು ಕೋರುವ ಬಿ ರಿಪೋರ್ಟ್ ಹಾಕಿದರೂ ಕೇಸು ತಾನಾಗಿ ಮುಚ್ಚುವುದಿಲ್ಲ. 1985ರ ಭಗವಂತ್ ಸಿಂಗ್ ತೀರ್ಪಿನಂತೆ ಅದನ್ನು ಒಪ್ಪುವ ಮೊದಲು ಮ್ಯಾಜಿಸ್ಟ್ರೇಟರು ದೂರುದಾರರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕು. ನೋಟಿಸ್ ಬಂದ ದಿನವೇ ವಕೀಲರನ್ನು ಕಂಡು ತಕರಾರು ಅರ್ಜಿ ಸಿದ್ಧಮಾಡಿಸಿ. ಯಾವ ಸಾಕ್ಷಿಯ ಹೇಳಿಕೆ ತೆಗೆದುಕೊಳ್ಳಲಿಲ್ಲ, ಯಾವ ಮೊಬೈಲ್ ಜಪ್ತಿ ಮಾಡಲಿಲ್ಲ, ಯಾವ ವರದಿ ತರಿಸಲಿಲ್ಲ ಎಂಬುದನ್ನು ದಿನಾಂಕ ಸಹಿತ ಅದರಲ್ಲಿ ಬರೆಸಿ.